ಬೊಗಸೆಯ ನೀರು, ನೆತ್ತಿಯ ನೀರು

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನಮ್ಮ ಊರಿನಲ್ಲಿ ಎಪ್ಪತ್ತು ದಾಟಿದ ಹೆಣ್ಣುಮಗಳೊಬ್ಬಳು ದೀಕ್ಷಾಸ್ನಾನ ಪಡೆದು ಕ್ರೈಸ್ತಳಾದಳು. ನಮ್ಮದು ಬೀದರ್ ಜಿಲ್ಲೆಯ ಒಂದು ಸಣ್ಣ ಊರು. ಬಸವಕಲ್ಯಾಣಕ್ಕೆ ಬಹಳ ದೂರವಿಲ್ಲ. ಆಕೆ ಮಾದಿಗರ ಓಣಿಯವಳು. ನಮ್ಮ ಮನೆಯ ದನದ ಕೊಟ್ಟಿಗೆಯ ಕಸ ಬಳಿಯುವುದು, ಸುಗ್ಗಿಯಲ್ಲಿ ಕಣದ ಕೆಲಸ ಮಾಡುವುದು ಆಕೆಯ ಪಾಲಿಗೆ ಬಂದ ದುಡಿಮೆ. ಮನೆಯ ಹಿರಿಯರಿರಲಿ, ನಾವು ಮಕ್ಕಳೂ ಆಕೆಯನ್ನು ಏಕವಚನದಲ್ಲಿ ಹೆಸರು ಹಿಡಿದೇ ಕೂಗುತ್ತಿದ್ದೆವು. ಈ ಬರಹದಲ್ಲಿ ಆಕೆಯನ್ನು ಆಯಿ ಎಂದು ಕರೆಯುತ್ತೇನೆ. ಅಂದು ಹಾಗೆ ಕರೆಯಲಿಲ್ಲ.

ಕೆಲಸ ಮುಗಿದ ಮೇಲೆ ಆಯಿ ಹಿತ್ತಲ ಬಾಗಿಲಿನಿಂದ ಎರಡು ಮಾರು ದೂರ ನಿಂತು ನೀರು ಕೇಳುತ್ತಿದ್ದಳು. ನನ್ನ ಅಮ್ಮ ತಂಬಿಗೆಯನ್ನು ಎತ್ತರಕ್ಕೆ ಹಿಡಿದು ಸುರಿಯುತ್ತಿದ್ದಳು. ಆಯಿ ಬಗ್ಗಿ, ಬೊಗಸೆ ಒಡ್ಡಿ, ಬೆರಳ ಸಂದಿಯಿಂದ ಸೋರುವುದು ಸೋರಿ ಉಳಿದುದನ್ನು ಕುಡಿಯುತ್ತಿದ್ದಳು. ತಂಬಿಗೆಗೂ ಬೊಗಸೆಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ಅಂತರ ಇರಬೇಕಿತ್ತು. ನನ್ನ ಅಮ್ಮ ಕೆಟ್ಟವಳಲ್ಲ. ಒಮ್ಮೆಯೂ ಆಕೆಯನ್ನು ಬರಿಗೈಯಲ್ಲಿ ಕಳಿಸಿದವಳಲ್ಲ. ಆದರೆ ಆ ಗೇಣಿನ ಅಂತರವನ್ನು ಒಮ್ಮೆಯೂ ಮರೆತವಳೂ ಅಲ್ಲ.

ದೀಕ್ಷಾಸ್ನಾನದ ಸುದ್ದಿ ನಮ್ಮ ಮನೆಗೆ ಬಂದಾಗ ಅಪ್ಪನಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಚ್ಚರಿಯಾಗಿತ್ತು. "ಹುಡುಗ್ರು ಹೋದ್ರು ಅಂದ್ರ ಸಾಲಿ ಸಿಗ್ತದ, ನೌಕರಿ ಸಿಗ್ತದ ಅಂತ ಹೋದ್ರು ಅನಬೌದು. ಈ ವಯಸ್ಸಿನ್ಯಾಗ ಇಕಿಗಿ ಏನ್ ಬೇಕಾಗಿತ್ತು?" ಎಂದರು. ಪ್ರಶ್ನೆ ತಾತ್ಸಾರದಿಂದ ಹುಟ್ಟಿದ್ದರೂ ಪ್ರಶ್ನೆಯಾಗಿ ಅದು ಗಟ್ಟಿಯಾದುದು. ಸಾವಿನ ಹತ್ತಿರ ಬಂದ ಹಳ್ಳಿಯ ಮುದುಕಿಯೊಬ್ಬಳಿಗೆ ಹೊಸ ಧರ್ಮದಿಂದ ದೊರೆಯುವ ಲೌಕಿಕ ಲಾಭ ಬಹಳ ಕಡಿಮೆ. ಕಳೆದುಕೊಳ್ಳುವುದು ಮಾತ್ರ ಬಹಳ. ಹಾಗಿದ್ದರೂ ಆಕೆ ಯಾಕೆ ಹೋದಳು? ಈ ಪ್ರಶ್ನೆ ನನ್ನೊಂದಿಗೆ ಊರೂರು ತಿರುಗಿದೆ.

ಇದಕ್ಕೆ ಇತಿಹಾಸದ ಒಂದು ದಾರಿ ನನಗೆ ಸಿಕ್ಕಿದ್ದು ತೀರ ಅನಿರೀಕ್ಷಿತವಾಗಿ. ಇಂಗ್ಲಿಷ್ ಎಂ.ಎ.ಗೆ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಕುರಿತು ಓದುತ್ತಿದ್ದಾಗ ಆಕೆಯ ಬಗ್ಗೆ 1898ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಣ್ಣಿಗೆ ಬಿತ್ತು. ಲೇಖಕಿ ಎಮ್ಮಾ ರೌಷೆನ್‌ಬುಷ್ ಕ್ಲೌ. ಸ್ತ್ರೀ ಹಕ್ಕುಗಳ ಪ್ರತಿಪಾದಕಿಯ ಬಗ್ಗೆ ಬರೆದ ಈಕೆ ಮರುವರ್ಷವೇ, ಅಂದರೆ 1899ರಲ್ಲಿ, ‘ವೈಲ್ ಸೋಯಿಂಗ್ ಸ್ಯಾಂಡಲ್ಸ್’ ಎಂಬ ಇನ್ನೊಂದು ಪುಸ್ತಕ ಪ್ರಕಟಿಸಿದ್ದಳು. ಅದರ ವಸ್ತು ತೆಲುಗು ಸೀಮೆಯ ಮಾದಿಗರ ಬದುಕು, ನಂಬಿಕೆ, ಮತಾಂತರ. ಚಪ್ಪಲಿ ಹೊಲಿಯುತ್ತ ಕುಳಿತ ಹಿರಿಯರು ಹೇಳಿದ ಕಥೆಗಳನ್ನು ಈಕೆ ಕೇಳಿ ಬರೆದುಕೊಂಡಿದ್ದಳು. ಲಂಡನ್ನಿನ ವುಲ್‌ಸ್ಟನ್‌ಕ್ರಾಫ್ಟ್‌ಳಿಂದ ಓಂಗೋಲಿನ ಮಾದಿಗರ ಪಲ್ಲೆಗೆ ಒಬ್ಬಳೇ ಹೆಣ್ಣುಮಗಳು ನಡೆದ ದಾರಿ ಅದು. ಅದರ ಕೊನೆಯಲ್ಲಿ ನಮ್ಮ ಊರಿನ ಆಯಿ ನಿಂತಿರುವಂತೆ ನನಗೆ ಕಂಡಿತು.

ಓಂಗೋಲು ಇಂದಿನ ಆಂಧ್ರಪ್ರದೇಶದ ಪ್ರಕಾಶಂ ಜಿಲ್ಲೆಯ ಕೇಂದ್ರ. ಅಮೆರಿಕದ ಬ್ಯಾಪ್ಟಿಸ್ಟರು ತೆಲುಗು ನಾಡಿಗೆ ಬಂದದ್ದು 1836ರಲ್ಲಿ. ಮೊದಲ ಮೂರು ದಶಕ ಅವರ ಕೆಲಸ ಬಹುತೇಕ ನಿಷ್ಫಲ. ನೆಲ್ಲೂರಿನಲ್ಲಿ ಒಂದೇ ಒಂದು ಠಾಣೆ. ಅದನ್ನೂ ಮುಚ್ಚಿಬಿಡೋಣವೆಂಬ ಮಾತು ಅಮೆರಿಕದಲ್ಲಿ ಮತ್ತೆ ಮತ್ತೆ ಎದ್ದಿತ್ತು. 1854ರ ಹೊಸವರ್ಷದ ಬೆಳಗ್ಗೆ ಲೈಮನ್ ಜುವೆಟ್ ಎಂಬ ಮಿಷನರಿ, ಆತನ ಹೆಂಡತಿ ಮತ್ತು ಮೂವರು ಸ್ಥಳೀಯ ಕ್ರೈಸ್ತರು ಓಂಗೋಲಿನ ಗುಡ್ಡವೊಂದನ್ನು ಹತ್ತಿ ಪ್ರಾರ್ಥಿಸಿದರೆಂದು ಆ ಸಭೆಯವರು ಇಂದಿಗೂ ನೆನೆಯುತ್ತಾರೆ. ಆ ಮೂವರಲ್ಲಿ ಇಬ್ಬರು ಹೆಂಗಸರು.

1865ರಲ್ಲಿ ಭಾರತಕ್ಕೆ ಬಂದ ಜಾನ್ ಕ್ಲೌ ಮರುವರ್ಷ ಓಂಗೋಲಿನಲ್ಲಿ ನೆಲೆ ನಿಂತ. (ಎಮ್ಮಾ ಮುಂದೆ ಈತನನ್ನೇ ಮದುವೆಯಾದಳು.) ಅದೇ 1866ರಲ್ಲಿ ಎರ್ರಗುಂಟ್ಲ ಪೇರಯ್ಯ ಎಂಬ ಮಾದಿಗ ಮತ್ತು ಆತನ ಹೆಂಡತಿ ನಾಗಮ್ಮ ದೀಕ್ಷಾಸ್ನಾನ ಪಡೆದರು. ಪೇರಯ್ಯ ತೊಗಲಿನ ವ್ಯವಹಾರದವನು. ಎಮ್ಮಾಳ ಪುಸ್ತಕದಲ್ಲಿ ನನ್ನನ್ನು ಬಹುವಾಗಿ ಸೆಳೆದ ಸಂಗತಿ ಆತನ ಹಿಂದಿನ ಬದುಕು. ಕ್ರೈಸ್ತನಾಗುವ ಮುಂಚೆಯೇ ಆತ ವೀರಮ್ಮ ಎಂಬ ಗುರುವಿನಿಂದ ರಾಜಯೋಗದ ಉಪದೇಶ ಪಡೆದಿದ್ದ. ಆ ಭಾಗದ ಮಾದಿಗರ ನಡುವೆ ಪೋತುಲೂರಿ ವೀರಬ್ರಹ್ಮಂ ಅವರ ಮಾತುಗಳೂ ಬೇರೆ ಬೇರೆ ಗುರುಗಳ ಪಂಥಗಳೂ ಹರಡಿದ್ದವು. ಎಂದರೆ, ಮಿಷನರಿ ಬಂದು ನಿಂತದ್ದು ಖಾಲಿ ಬಯಲಿನಲ್ಲಿ ಅಲ್ಲ. ಗುರುವನ್ನು ಹುಡುಕುತ್ತ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ ತೂಗುತ್ತ ಬಂದಿದ್ದ ಜನರ ನಡುವೆ ಬಂದು ನಿಂತಿದ್ದ.

ಮೊದಮೊದಲು ಕ್ಲೌನ ಬಳಿಗೆ ಮೇಲ್ಜಾತಿಯವರೂ ಬರುತ್ತಿದ್ದರು. ಮಾದಿಗರನ್ನು ಸೇರಿಸಿಕೊಂಡರೆ ನಾವು ಬರುವುದಿಲ್ಲ ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು. ಆ ದಿನ ಕ್ಲೌ ಮತ್ತು ಆತನ ಮೊದಲ ಹೆಂಡತಿ ಹ್ಯಾರಿಯೆಟ್ ಬೇರೆಬೇರೆ ಕೋಣೆಗಳಲ್ಲಿ ಬೈಬಲ್ ತೆರೆದಾಗ ಇಬ್ಬರಿಗೂ ಒಂದೇ ಭಾಗ ಸಿಕ್ಕಿತೆಂದು ಆತ ಬರೆದುಕೊಂಡಿದ್ದಾನೆ: ಲೋಕ ಹೀನವೆಂದು ಕಂಡವರನ್ನೇ ದೇವರು ಆರಿಸಿಕೊಂಡನೆಂಬ ಪೌಲನ ಮಾತು. ಇದನ್ನು ದೈವಪ್ರೇರಣೆ ಎನ್ನಿ, ಆಕಸ್ಮಿಕ ಎನ್ನಿ. ಆ ಆಯ್ಕೆಯೊಡನೆ ಮೇಲ್ಜಾತಿಯ ಬಾಗಿಲು ಮುಚ್ಚಿತು, ಮಾದಿಗರ ಪಲ್ಲೆಯ ದಾರಿ ತೆರೆಯಿತು.

ಸೇರುವವರಿಗೆ ಕ್ಲೌ ಹಾಕಿದ ನಿಯಮಗಳು ಮೂರು. ಭಾನುವಾರ ದುಡಿಯಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹಗಳನ್ನು ಪೂಜಿಸಬಾರದು. ಓದುವಾಗ ಇವು ಸರಳವಾಗಿ ಕಾಣುತ್ತವೆ. ಹಳ್ಳಿಯೊಳಗೆ ಇಟ್ಟು ನೋಡಿದರೆ ಒಂದೊಂದೂ ಒಂದೊಂದು ಬಂಡಾಯ. ಊರಿನ ಕೆಲಸಕ್ಕೆ ಕರೆದಾಗ ಓಗೊಡಬೇಕಾದವನು ವಾರಕ್ಕೊಂದು ದಿನ ಇಲ್ಲವೆಂದರೆ ಅದು ದಣಿಗೆ ಹೇಳಿದ ಇಲ್ಲ. ಸತ್ತ ದನ ಹೊರುವುದು, ಅದರ ಮಾಂಸ ಪಡೆಯುವುದು ಜಾತಿಯ ಕರ್ತವ್ಯವೂ ಹೌದು, ಕೂಲಿಯ ಭಾಗವೂ ಹೌದು. ಮಾಂಸ ಬೇಡವೆಂದರೆ ಜಾತಿಯ ಗುರುತನ್ನೇ ಬೇಡವೆಂದಂತೆ. ವಿಗ್ರಹಪೂಜೆ ಬಿಟ್ಟವನು ಜಾತ್ರೆಯಲ್ಲಿ ಹಲಗೆ ಬಾರಿಸುವುದಿಲ್ಲ. ಬಾರಿಸದಿದ್ದರೆ ಊರಿನ ದೇವರ ಮೆರವಣಿಗೆಯೇ ಹೊರಡದು. ಇಂಥ ನಿರಾಕರಣೆಗಳಿಗೆ ಉತ್ತರವಾಗಿ ಹೊಡೆತ, ಆಯ ನಿಲ್ಲಿಸುವುದು, ಕೆಲಸ ತಪ್ಪಿಸುವುದು ನಡೆದವು.

ಮನೆಯ ಮಟ್ಟಿಗೆ ಇವುಗಳ ಭಾರ ಬಿದ್ದದ್ದು ಹೆಚ್ಚಾಗಿ ವಯಸ್ಸಾದ ಹೆಂಗಸರ ಮೇಲೆ. ಒಲೆಯ ಮೇಲಿನ ಮಡಕೆ ಅವರದು, ಮನೆದೇವರ ಪೂಜೆ ಅವರದು, ಮಕ್ಕಳಿಗೆ ಸಿಡುಬು ಬಂದಾಗ ಅಮ್ಮನಿಗೆ ಹೊತ್ತ ಹರಕೆ ಅವರದು. ಯುವಕನೊಬ್ಬ ಹೊಸ ದೇವರನ್ನು ಒಪ್ಪುವುದಕ್ಕೂ ಅರವತ್ತು ವರ್ಷ ಮಾರಮ್ಮನಿಗೆ ದೀಪ ಹಚ್ಚಿದ ಕೈ ಆ ದೀಪವನ್ನು ನಿಲ್ಲಿಸುವುದಕ್ಕೂ ಬಹಳ ಅಂತರವಿದೆ. ಬಿಡಲು ಆಕೆಯ ಬಳಿ ಎಲ್ಲರಿಗಿಂತ ಹೆಚ್ಚಿತ್ತು.

ಆಮೇಲೆ ಬಂದದ್ದು ಧಾತು ಸಂವತ್ಸರದ ಬರ. 1876ರಿಂದ 1878ರವರೆಗೆ ಮದರಾಸು ಪ್ರಾಂತವನ್ನೂ ಮೈಸೂರು ಸೀಮೆಯನ್ನೂ ನಮ್ಮ ಬಳ್ಳಾರಿಯನ್ನೂ ಹಿಂಡಿದ ಈ ಬರದಲ್ಲಿ ಲಕ್ಷಾಂತರ ಜನ ಸತ್ತರು. ಪರಿಹಾರದ ಕೆಲಸವಾಗಿ ಸರ್ಕಾರ ಬಕಿಂಗ್‌ಹ್ಯಾಮ್ ಕಾಲುವೆಯ ಅಗೆತ ನಡೆಸಿತು. ಯೌವನದಲ್ಲಿ ಅಮೆರಿಕದಲ್ಲಿ ಭೂಮಾಪಕನಾಗಿದ್ದ ಕ್ಲೌ ಸುಮಾರು ಮೂರೂವರೆ ಮೈಲಿ ಕಾಲುವೆಯ ಗುತ್ತಿಗೆ ಹಿಡಿದು ಮಾದಿಗರಿಗೆ ಕೂಲಿ ಒದಗಿಸಿದ. ಅಗೆಯುವವರ ಮೇಲ್ವಿಚಾರಕರಾಗಿ ಆತ ನೇಮಿಸಿದ್ದು ತನ್ನ ತೆಲುಗು ಬೋಧಕರನ್ನು. ಬಿಡುವಿನ ಹೊತ್ತಿನಲ್ಲಿ ಅವರು ಕೂಲಿಗಳ ನಡುವೆ ಕುಳಿತು ಮಾತಾಡುತ್ತಿದ್ದರು.

ನಾನೀಗ ನೌಕರಿಯ ನಿಮಿತ್ತ ಚೆನ್ನೈನಲ್ಲಿದ್ದೇನೆ. ಎಂ.ಆರ್.ಟಿ.ಎಸ್. ರೈಲು ಮೈಲಾಪುರದ ಕಡೆಗೆ ಸಾಗುವಾಗ ಕಂಬಗಳ ಕೆಳಗೆ ಕಪ್ಪು ನೀರಿನ ಒಂದು ಕಾಲುವೆ ಕಾಣುತ್ತದೆ. ಮೂಗು ಮುಚ್ಚಿಕೊಂಡು ಎಲ್ಲರೂ ಮುಖ ತಿರುಗಿಸುವ ಆ ನೀರೇ ಬಕಿಂಗ್‌ಹ್ಯಾಮ್ ಕಾಲುವೆ. ಉತ್ತರಕ್ಕೆ ಅದು ಓಂಗೋಲಿನ ಹತ್ತಿರದ ಪೆದ್ದಗಂಜಾಂವರೆಗೆ ಸಾಗುತ್ತದೆ. ಕಚೇರಿಯಿಂದ ಮರಳುವ ಸಂಜೆಗಳಲ್ಲಿ ಆ ನೀರನ್ನು ನೋಡುವಾಗ, ಬುಟ್ಟಿಯಲ್ಲಿ ಮಣ್ಣು ಹೊತ್ತ ಮುದುಕಿಯರ ಸಾಲು ನನ್ನ ಕಣ್ಣಿಗೆ ಕಟ್ಟುತ್ತದೆ.

ಬರಪರಿಹಾರ ನಡೆದಿದ್ದಾಗ ಸುಮಾರು 15 ತಿಂಗಳ ಕಾಲ ಕ್ಲೌ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಅನ್ನಕ್ಕಾಗಿ ಬಂದವರೆಂಬ ಮಾತು ಬರಬಾರದೆಂಬುದು ಆತನ ಎಣಿಕೆ. 1878ರ ಜೂನ್‌ನಲ್ಲಿ ಪರಿಹಾರದ ಹಣ ಹಂಚಿಕೆ ನಿಂತಿತು. ಕೊಡಲು ನನ್ನ ಬಳಿ ಏನೂ ಇಲ್ಲ, ಹೊರಟುಹೋಗಿ ಎಂದರೂ ಜನ ಹೋಗಲಿಲ್ಲ. ಜುಲೈ 2ರಂದು ಗುಂಡ್ಲಕಮ್ಮ ನದಿಯಲ್ಲಿ 614 ಜನ, 3ರಂದು 2,222 ಜನ, 4ರಂದು 700 ಜನ ಮುಳುಗಿ ಎದ್ದರು. ಮೂರು ದಿನಕ್ಕೆ 3,536. ನೀರಿಗಿಳಿಸಿದವರು ಆರು ಮಂದಿ ಭಾರತೀಯ ಬೋಧಕರು. ಸರದಿಯ ಮೇಲೆ ಇಬ್ಬಿಬ್ಬರಾಗಿ ಅವರು ಬೆಳಗ್ಗೆಯೂ ಮಧ್ಯಾಹ್ನದ ಮೇಲೂ ನದಿಯಲ್ಲಿ ನಿಂತರು. 2,222 ಜನರ ಆ ದಿನ ಕ್ಲೌ ತಾನು ಒಬ್ಬರಿಗೂ ದೀಕ್ಷೆ ಕೊಡಲಿಲ್ಲ.

ಈ 2,222 ಎಂಬ ಸಂಖ್ಯೆ ಮಿಷನ್ ಚರಿತ್ರೆಗಳಲ್ಲಿ ಬಹಳ ಪ್ರಸಿದ್ಧ. ಆದರೆ ಆ ಸಂಖ್ಯೆಯನ್ನು ಬಿಡಿಸಿ ನೋಡಿದರೆ ಅದರೊಳಗೆ ಇರುವುದು ಒಂದೊಂದೇ ಒದ್ದೆ ಸೀರೆ. ಊರಿನ ಬಾವಿಯ ಹತ್ತಿರ ಸುಳಿಯಲೂ ಬಿಡದ ಹೆಂಗಸೊಬ್ಬಳು ಎದೆಮಟ್ಟದ ಹರಿವ ನೀರಿನಲ್ಲಿ ಇಳಿದು ನಿಂತಿದ್ದಾಳೆ. ಬೋಧಕ ಆಕೆಯ ಹೆಸರು ಹಿಡಿದು ಕರೆದು, ಬೆನ್ನಿಗೂ ತಲೆಗೂ ಕೈಕೊಟ್ಟು ಮುಳುಗಿಸಿ, ಕೈಹಿಡಿದು ಎತ್ತುತ್ತಾನೆ. ಇನ್ನೊಂದು ವಿಪರ್ಯಾಸವೂ ಇಲ್ಲಿದೆ. ಬಾವಿಯಿಂದ ಹೊಲಕ್ಕೆ ನೀರೆತ್ತುವ ಕಪಿಲೆಯ ತೊಗಲ ಚೀಲವನ್ನು ಹೊಲಿದು ಕೊಡುತ್ತಿದ್ದವರು ಇದೇ ಜನ. ಅವರು ಹೊಲಿದ ತೊಗಲು ಬಾವಿಯೊಳಗೆ ಇಳಿಯಬಹುದಿತ್ತು, ಅವರ ಕೊಡ ಇಳಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡಿನ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದಾಗ ಅದು ಹಕ್ಕಿನ ಹೋರಾಟವಾಯಿತು. ಅದಕ್ಕೆ ಅರ್ಧ ಶತಮಾನ ಮೊದಲು ಗುಂಡ್ಲಕಮ್ಮದಲ್ಲಿ ನಡೆದದ್ದು ಬೇರೆ ಭಾಷೆಯಲ್ಲಿ ನಡೆಯಿತು. ಆದರೂ ಎರಡು ಕಡೆಯೂ ಜನ ಇಳಿದದ್ದು ನೀರಿಗೇ ಎಂಬುದನ್ನು ನಾವು ಗಮನಿಸಬೇಕು.

ಇಂಥ ಸಾಮೂಹಿಕ ಮತಾಂತರಗಳ ಬಗ್ಗೆ ನಾಡಿನಲ್ಲಿ ದೊಡ್ಡ ಚರ್ಚೆ ಎದ್ದದ್ದು 1930ರ ದಶಕದಲ್ಲಿ. 1933ರಲ್ಲಿ ಮೆಥಡಿಸ್ಟ್ ಮಿಷನರಿ ವಾಸ್ಕಮ್ ಪಿಕೆಟ್ ಭಾರತದ ಹಲವು ಭಾಗಗಳನ್ನು ಸುತ್ತಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಕ್ರೈಸ್ತರಾದ ಕಾರಣವನ್ನು ಜನರನ್ನೇ ಕೇಳಿ, ಉತ್ತರಗಳನ್ನು ಆತ ಆಧ್ಯಾತ್ಮಿಕ, ಲೌಕಿಕ, ಸಾಮಾಜಿಕ, ಹುಟ್ಟಿನಿಂದ ಬಂದದ್ದು ಎಂದು ನಾಲ್ಕು ಗುಂಪು ಮಾಡಿದ. 1935ರ ಅಕ್ಟೋಬರಿನಲ್ಲಿ ಯೇವಲೆಯಲ್ಲಿ ಅಂಬೇಡ್ಕರ್ ತಾನು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದರು. 1936ರ ಕೊನೆಯಲ್ಲಿ ಗಾಂಧೀಜಿ ಜಾನ್ ಮಾಟ್ ಎಂಬ ಅಮೆರಿಕನ್ ಧರ್ಮನಾಯಕರೊಂದಿಗೆ ಮಾತಾಡುತ್ತ, ಹರಿಜನರಿಗೆ ಒಂದು ಧರ್ಮಕ್ಕೂ ಇನ್ನೊಂದಕ್ಕೂ ಇರುವ ತಾರತಮ್ಯವನ್ನು ಅರಿಯುವ ಶಕ್ತಿ ಇಲ್ಲ, ಅವರಿಗೆ ಸುವಾರ್ತೆ ಸಾರುವುದು ಗೋವಿಗೆ ಸಾರಿದಂತೆ ಎಂಬ ಅರ್ಥದ ಮಾತನ್ನಾಡಿದರು. ಗಾಂಧೀಜಿಯ ಬಗ್ಗೆ ನನಗಿರುವ ಗೌರವಕ್ಕೆ ಈ ಮಾತಿನಷ್ಟು ಪೆಟ್ಟು ಕೊಟ್ಟ ಮಾತು ಇನ್ನೊಂದಿಲ್ಲ. ಬಡವರ ನಂಬಿಕೆಯನ್ನು ಆಮಿಷಕ್ಕೆ ಬಳಸಬಾರದೆಂಬ ಅವರ ಕಳಕಳಿ ನಿಜವಾದುದು. ಆದರೆ ಮಿಷನ್ ಬರುವ ಮುಂಚೆಯೇ ರಾಜಯೋಗ ಕಲಿತ ಪೇರಯ್ಯನನ್ನು ಆ ಮಾತು ಕಾಣುವುದಿಲ್ಲ.

ಆಮಿಷ ಎಂಬ ಶಬ್ದದ ಬಗ್ಗೆಯೂ ಒಂದು ಮಾತು. ಬರದಲ್ಲಿ ಬೆಂದವರು ಅನ್ನದ ಕಡೆ ನೋಡಿರಲಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಓಂಗೋಲಿನಲ್ಲಿ ಕಾಲುವೆಯ ಕೂಲಿ ಇಲ್ಲದಿದ್ದರೆ ಅಷ್ಟು ಜನ ಬರುತ್ತಿರಲಿಲ್ಲ ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಹಸಿದಾಗ ಯಾರು ತನ್ನನ್ನು ಮನುಷ್ಯಳಂತೆ ನಡೆಸಿಕೊಂಡರು ಎಂಬುದನ್ನು ನೆನಪಿಟ್ಟುಕೊಳ್ಳುವುದೂ ವಿವೇಕವೇ.

ಚರ್ಚಿನೊಳಗೆ ಹೋದ ಮೇಲೆ ಜಾತಿ ಕರಗಿಹೋಯಿತೇ? ಇಲ್ಲ. ದಕ್ಷಿಣ ಭಾರತದ ಸಭೆಗಳಲ್ಲಿ ಜಾತಿಗೊಂದು ಕಡೆ ಕೂರುವುದು, ಪ್ರಭುಭೋಜನದ ಬಟ್ಟಲನ್ನು ಮೇಲ್ಜಾತಿಯವರು ಮೊದಲು ಮುಟ್ಟುವುದು ಬಹಳ ಕಾಲ ನಡೆದಿತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗಿನ ಜಾತಿಯನ್ನು ತಕ್ಷಣ, ಶಾಶ್ವತವಾಗಿ ಬಿಡಬೇಕೆಂದು ಸುತ್ತೋಲೆ ಹೊರಡಿಸಿದಾಗ ಮದರಾಸು, ತಂಜಾವೂರುಗಳ ಎಷ್ಟೋ ಕ್ರೈಸ್ತರು ಸಭೆಯನ್ನೇ ಬಿಟ್ಟರು, ಜಾತಿಯನ್ನು ಬಿಡಲಿಲ್ಲ. ತೆಲುಗು ಸೀಮೆಯಲ್ಲಿಯೂ ಮಾಲರು, ಮಾದಿಗರು ಒಂದೇ ದೇವರನ್ನು ಬೇರೆಬೇರೆ ಗುಡಿಗಳಲ್ಲಿ ಪ್ರಾರ್ಥಿಸಿದ ಊರುಗಳಿವೆ.

ಹೊರಗೆ ಕಾನೂನು ಬೇರೊಂದು ಬೆಲೆ ಕೇಳಿತು. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಮಾತ್ರ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತರು, ಮುಸಲ್ಮಾನರು ಹೊರಗುಳಿದರು. ಮದರಾಸಿನ ಬೀದಿಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಕ್ರೈಸ್ತ, ಹಿಂದೂ ಚಮ್ಮಾರರಿಗೆ ಕೊಟ್ಟ ಉಚಿತ ಪೆಟ್ಟಿಗೆ ಅಂಗಡಿ ತನಗೂ ಸಿಗಬೇಕೆಂದು ಸುಪ್ರೀಂ ಕೋರ್ಟಿಗೆ ಹೋದ. ಮತಾಂತರದ ನಂತರವೂ ಅದೇ ತೀವ್ರತೆಯ ಸಾಮಾಜಿಕ ತೊಡಕುಗಳು ಉಳಿದಿವೆಯೆಂಬುದು ರುಜುವಾತಾಗಿಲ್ಲವೆಂದು 1985ರಲ್ಲಿ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಕೇಂದ್ರ ಸರ್ಕಾರದ ನೌಕರನಾಗಿ ನಾನು ಜಾತಿ ಪ್ರಮಾಣಪತ್ರಗಳ ಕಡತಗಳನ್ನು ನೋಡಿದವನು. ಸಭೆಯ ದಾಖಲೆಯಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಹೊತ್ತು ಬದುಕುವ ಕುಟುಂಬಗಳ ಸಂಕಟ ಆ ಕಾಗದಗಳಲ್ಲಿ ಕಾಣುವುದಿಲ್ಲ. ಒಂದು ಖಾನೆ ತುಂಬಿದ್ದರೆ ಸಾಕು, ಕಡತ ಮುಂದೆ ಸಾಗುತ್ತದೆ.

ಮತ್ತೆ ನಮ್ಮ ಊರಿಗೆ ಬರುತ್ತೇನೆ. ಬೀದರ್ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗಲೇ ಅಮೆರಿಕದ ಮೆಥಡಿಸ್ಟರು ಅಲ್ಲಿ ಕೆಲಸ ಮಾಡಿದ್ದರು. ಇಂದಿಗೂ ಜಿಲ್ಲೆಯಲ್ಲಿ ಆ ಸಭೆಯವರು ಬಹಳ. ಅದೇ ಸೀಮೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯನಿದ್ದ. ಆತನೂ ಚಪ್ಪಲಿ ಹೊಲಿಯುವವನು. ಶರಣು ಎಂದ ಆತನಿಗೆ ಬಸವಣ್ಣನವರು ಶರಣು ಶರಣಾರ್ಥಿ ಎಂದು ಎರಡು ಪಟ್ಟು ಮರಳಿಸಿದರಂತೆ. ಆ ಋಣ ತೀರಿಸಲು ದಂಪತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಹೊಲಿದರೆಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಕಥೆ. ನಮ್ಮ ಮನೆಯಲ್ಲಿ ಅದನ್ನು ಕಣ್ಣೀರು ತುಂಬಿ ಹೇಳುತ್ತಿದ್ದರು. ಆ ಕಥೆ ನಡೆಯುತ್ತಿದ್ದ ಪಡಸಾಲೆಗೂ ಆಯಿ ಬೊಗಸೆ ಒಡ್ಡುತ್ತಿದ್ದ ಹಿತ್ತಲಿಗೂ ನಡುವೆ ಒಂದೇ ಗೋಡೆ.

ಕಾಲೇಜಿನ ಒಂದು ರಜೆಯಲ್ಲಿ ನಾನು ಆಯಿಯ ಗುಡಿಸಲಿಗೆ ಹೋಗಿದ್ದೆ. ಆ ಹೊತ್ತಿಗೆ ಆಕೆ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದ್ದಳು, ಕಣ್ಣು ಮಂಜಾಗಿತ್ತು. ಅಪ್ಪನ ಪ್ರಶ್ನೆಯನ್ನೇ ನಾನು ಕೇಳಿದೆ: "ಈ ವಯಸ್ಸಿನ್ಯಾಗ ಯಾಕ ಹೋದಿ?" ಆಕೆ ಯೇಸುವಿನ ಬಗ್ಗೆಯಾಗಲಿ ಸ್ವರ್ಗದ ಬಗ್ಗೆಯಾಗಲಿ ಮೊದಲು ಹೇಳಲಿಲ್ಲ.

"ಸಣ್ಣ ಗೌಡಾ, ನಿಮ್ಮವ್ವ ನನಗ ಮ್ಯಾಲಿಂದ ನೀರು ಹಾಕ್ತಿದ್ಲು. ಆ ಪಾಸ್ಟರಪ್ಪನೂ ಮ್ಯಾಲಿಂದೇ ಹಾಕ್ದ. ಖರೆ ಅಂವ ‘ಬರ್ರಿ ಅಮ್ಮಾ’ ಅಂದ. ಒಂದ್ ಕೈ ನನ್ನ ತಲಿಮ್ಯಾಲ ಇಟ್ಟು ಹಾಕ್ದ. ಇಷ್ಟು ವರ್ಷದಾಗ ನನ್ನ ತಲಿ ಮುಟ್ಟಿದವ್ರು ಯಾರಿದ್ರು ಹೇಳು, ನನ್ನ ಮಕ್ಕಳು ಬಿಟ್ರ?"

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದಳು: "ಸತ್ರ ಮಣ್ಣಿಗಿ ನಾಕ್ ಮಂದಿ ಬರ್ತಾರ. ಹಾಡು ಹೇಳ್ತಾರ. ಅಷ್ಟು ಸಾಕಲ್ಲ?"

ನನ್ನ ಬಳಿ ಉತ್ತರವಿರಲಿಲ್ಲ. ಪಿಕೆಟ್ ಈ ಉತ್ತರವನ್ನು ಯಾವ ಗುಂಪಿಗೆ ಸೇರಿಸುತ್ತಿದ್ದನೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆಧ್ಯಾತ್ಮಿಕವೇ, ಸಾಮಾಜಿಕವೇ? ಆಯಿಯ ಬದುಕಿನಲ್ಲಿ ಈ ಎರಡರ ನಡುವೆ ಗೆರೆ ಇರಲಿಲ್ಲ. ಮನುಷ್ಯನೊಬ್ಬ ತನ್ನ ತಲೆ ಮುಟ್ಟಿದ್ದನ್ನೇ ಆಕೆ ದೇವರು ಮುಟ್ಟಿದ್ದಾಗಿ ತಿಳಿದಿದ್ದರೆ, ಅದನ್ನು ತಪ್ಪೆನ್ನುವ ಅಧಿಕಾರ ನಮ್ಮ ಮನೆಗಂತೂ ಇಲ್ಲ. ಆಕೆ ನಮ್ಮನ್ನು ಬಿಟ್ಟುಹೋದಳೆಂದು ನಾವು ಅಂದುಕೊಂಡಿದ್ದೆವು. ಬಿಟ್ಟುಹೋಗಬೇಕಾದರೆ ಮೊದಲು ಒಳಗೆ ಇದ್ದಿರಬೇಕಲ್ಲವೇ?

ಆಯಿ ತೀರಿಕೊಂಡಾಗ ನಾನು ಊರಿನಲ್ಲಿರಲಿಲ್ಲ. ಮಣ್ಣಿಗೆ ಬಹಳ ಜನ ಸೇರಿದ್ದರೆಂದು ಆಮೇಲೆ ಅಮ್ಮ ಫೋನಿನಲ್ಲಿ ಹೇಳಿದಳು. ತಾನು ಹೋಗಿದ್ದೆನೆಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ.